ರಣಜಿ ಟ್ರೋಫಿಯನ್ನು ಒಂದು ಸೀಸನ್ ಪೂರ್ತಿ ನೋಡುವುದು ಹೇಗೆ?

ಐಪಿಎಲ್ ನೋಡುವುದನ್ನು ಯಾರಿಗೂ ಕಲಿಸಬೇಕಾಗಿಲ್ಲ. ಸಂಜೆ ಏಳೂವರೆಗೆ ಟಿವಿ ಹಾಕಿದರೆ ರಾತ್ರಿ ಮಲಗುವ ಹೊತ್ತಿಗೆ ಗೆದ್ದವರು ಯಾರು ಅಂತ ಗೊತ್ತಾಗುತ್ತದೆ. ದೇಶದ ರಾಜ್ಯ ತಂಡಗಳು ಆಡುವ ರಣಜಿ ಟ್ರೋಫಿ ಹಾಗಿಲ್ಲ. ಕೆಲಸದ ದಿನ, ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ, ದೇಶದ 19 ಮೈದಾನಗಳಲ್ಲಿ ಒಟ್ಟಿಗೇ ಶುರುವಾಗುತ್ತದೆ. ಅದರಲ್ಲಿ ಟಿವಿಗೆ ಬರುವುದು ಬೆರಳೆಣಿಕೆಯಷ್ಟು. ನಾಲ್ಕು ದಿನ ಆಡಿ ಡ್ರಾ ಆದ ಪಂದ್ಯಗಳೇ ಜಾಸ್ತಿ ಕಾಣುತ್ತವೆ. ಹೊಸದಾಗಿ ನೋಡಲು ಹೊರಟವರು ಎರಡನೇ ವಾರಕ್ಕೆ ಕೈಬಿಡುವುದು ಸಹಜ.

ಆದರೆ ಭಾರತದ ಕ್ರಿಕೆಟ್‌ನ ನಿಜವಾದ ಕಥೆ ನಡೆಯುವುದು ಇಲ್ಲೇ ಅಂತ ನಾನು ನಂಬಿದ್ದೇನೆ. ಅದನ್ನು ಸವಿಯಬೇಕಾದರೆ ಎರಡು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಒಂದೇ ತಂಡದ ಜೊತೆ ಸೀಸನ್ ಪೂರ್ತಿ ಇರುವುದು ಮೊದಲನೆಯದು. ಮೊದಲ ಇನಿಂಗ್ಸ್ ಮುನ್ನಡೆ ಅಂದರೆ ಏನು ಅಂತ ಚೆನ್ನಾಗಿ ಅರ್ಥ ಮಾಡಿಕೊಳ್ಳುವುದು ಎರಡನೆಯದು. ಉಳಿದದ್ದೆಲ್ಲ ತಾನಾಗಿ ಬರುತ್ತದೆ. ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ತಂಡಗಳ ನಕ್ಷೆ ತಿಳಿದುಕೊಳ್ಳಿ

ರಣಜಿಯಲ್ಲಿ ಆಡುವುದು 38 ತಂಡಗಳು. ರಾಜ್ಯಕ್ಕೊಂದು ತಂಡ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ಮಹಾರಾಷ್ಟ್ರ ರಾಜ್ಯದಿಂದಲೇ ಮೂರು ತಂಡಗಳಿವೆ: ಮುಂಬೈ, ಮಹಾರಾಷ್ಟ್ರ, ವಿದರ್ಭ. ಗುಜರಾತಿನಿಂದಲೂ ಮೂರು: ಗುಜರಾತ್, ಸೌರಾಷ್ಟ್ರ, ಬರೋಡಾ. ತೆಲಂಗಾಣ ರಾಜ್ಯ ಹುಟ್ಟಿ ಎಷ್ಟೋ ವರ್ಷವಾದರೂ ಅಲ್ಲಿನ ತಂಡದ ಹೆಸರು ಹೈದರಾಬಾದ್ ಅಂತಲೇ ಉಳಿದಿದೆ. ಊರೇ ಇಲ್ಲದ ತಂಡಗಳೂ ಎರಡಿವೆ. ರೈಲ್ವೆ ನೌಕರರದು ಒಂದು, ಸೇನಾಪಡೆಗಳ ಸರ್ವಿಸಸ್ ಇನ್ನೊಂದು. ರೈಲ್ವೇಸ್ ತಂಡವನ್ನು ಹಗುರವಾಗಿ ಕಾಣಬೇಡಿ. 2001-02 ಮತ್ತು 2004-05ರಲ್ಲಿ ಅವರೇ ಚಾಂಪಿಯನ್ನರು.

ತಂಡಗಳು ರಾಜ್ಯಗಳಿಗೆ ಹೊಂದದಿರುವುದಕ್ಕೆ ಕಾರಣ ಹಳೆಯದು. ಟೂರ್ನಿ ಶುರುವಾದದ್ದು 1934ರಲ್ಲಿ. ಆಗ ಭಾಷಾವಾರು ರಾಜ್ಯಗಳು ಇರಲಿಲ್ಲ. ಪ್ರಾಂತ್ಯ, ಸಂಸ್ಥಾನ, ದೊಡ್ಡ ಊರು, ಹೀಗೆ ಯಾರು ಕ್ರಿಕೆಟ್ ಸಂಸ್ಥೆ ಕಟ್ಟಿಕೊಂಡಿದ್ದರೋ ಅವರು ಆಡಿದರು. ಇಂದೋರಿನ ಹೋಳ್ಕರ್ ಸಂಸ್ಥಾನದ ತಂಡವೊಂದು ಸಿ.ಕೆ. ನಾಯ್ಡು ಮತ್ತು ಮುಷ್ತಾಕ್ ಅಲಿ ಅವರ ಬಲದಿಂದ ನಾಲ್ಕು ಸಲ ಟ್ರೋಫಿ ಗೆದ್ದಿತ್ತು. ಆ ತಂಡ ಈಗಿಲ್ಲ.

ನಮ್ಮ ಕರ್ನಾಟಕ ತಂಡದ ಹೆಸರು ಆಗ ಮೈಸೂರು. ರಣಜಿಯ ಮೊಟ್ಟಮೊದಲ ಪಂದ್ಯ ಆಡಿದ್ದೇ ಮೈಸೂರು ಮತ್ತು ಮದ್ರಾಸ್. 1934ರ ನವೆಂಬರ್ 4ರಂದು ಚೆಪಾಕ್‌ನಲ್ಲಿ. ಮೈಸೂರು 48 ಮತ್ತು 59 ರನ್ನಿಗೆ ಆಲೌಟ್ ಆಯಿತು, ಮದ್ರಾಸ್ 130 ಹೊಡೆಯಿತು, ಒಂದೇ ದಿನದಲ್ಲಿ ಪಂದ್ಯ ಮುಗಿದುಹೋಯಿತು. ಎ.ಜಿ. ರಾಮ್ ಸಿಂಗ್ 11 ವಿಕೆಟ್ ಕಿತ್ತಿದ್ದರು. ಅಲ್ಲಿಂದ ಶುರುವಾದ ತಂಡ ಇವತ್ತು ಎಂಟು ಟ್ರೋಫಿಗಳ ಒಡೆಯ.

2018-19ರಲ್ಲಿ ನಕ್ಷೆ ಮತ್ತೆ ದೊಡ್ಡದಾಯಿತು. ಅರುಣಾಚಲ, ಮಣಿಪುರ, ಮೇಘಾಲಯ, ಮಿಜೋರಾಂ, ನಾಗಾಲ್ಯಾಂಡ್, ಸಿಕ್ಕಿಂ, ಉತ್ತರಾಖಂಡ, ಪುದುಚೇರಿ ಸೇರಿಕೊಂಡವು. ಬಿಹಾರ ವಾಪಸ್ ಬಂತು. ಮುಂದಿನ ವರ್ಷ ಚಂಡೀಗಢ. ಈ ಹೊಸ ತಂಡಗಳಿಂದ ಗುಣಮಟ್ಟ ಇಳಿಯಿತು ಅಂತ ಗೊಣಗುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೈಸೂರು ಕೂಡ 48ಕ್ಕೆ ಆಲೌಟ್ ಆಗಿಯೇ ಆಟ ಕಲಿತದ್ದು, ಅಲ್ವಾ?

ಎರಡನೇ ಹೆಜ್ಜೆ: ಒಂದೇ ತಂಡ ಆರಿಸಿಕೊಳ್ಳಿ

ಕನ್ನಡಿಗರು ಕರ್ನಾಟಕವನ್ನೇ ಆರಿಸಿಕೊಳ್ಳುತ್ತಾರೆ, ಸರಿ. ಆದರೆ ಪುಣೆಯಲ್ಲೋ ವಡೋದರಾದಲ್ಲೋ ಇದ್ದೀರಾದರೆ ಅಲ್ಲಿನ ತಂಡದ ಬೆನ್ನು ಹತ್ತುವುದೂ ಚೆಂದವೇ. ಮೈದಾನಕ್ಕೆ ಹೋಗಿ ಕೂರಬಹುದಲ್ಲ. ಮುಖ್ಯವಾದದ್ದು, ಒಂದೇ ತಂಡ ಇರಲಿ. ಒಂದು ಸುತ್ತಿನಲ್ಲಿ 19 ಪಂದ್ಯ ನಡೆಯುವಾಗ ಎಲ್ಲವನ್ನೂ ನೋಡುತ್ತೇನೆ ಅಂತ ಹೊರಟರೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ.

ಆರಿಸಿಕೊಂಡ ಮೇಲೆ ಮೊದಲ ಕೆಲಸ: ತಂಡದ ಹದಿನೈದು ಆಟಗಾರರ ಹೆಸರು ಒಂದು ಕಡೆ ಬರೆದಿಡಿ. ಆರಂಭಿಕರು ಯಾರು, ಮೂರನೇ ಕ್ರಮಾಂಕ ಯಾರದು, ಹೊಸ ಚೆಂಡು ಹಂಚಿಕೊಳ್ಳುವವರು ಯಾರು, ಎಡಗೈ ಸ್ಪಿನ್ನರ್ ಇದ್ದಾನಾ, ಕೀಪರ್ ಎಷ್ಟನೇ ಕ್ರಮಾಂಕಕ್ಕೆ ಬರುತ್ತಾನೆ. ಇಷ್ಟು ಗೊತ್ತಿದ್ದರೆ ಸಾಕು, ಸ್ಕೋರ್‌ಕಾರ್ಡ್‌ನಲ್ಲಿ ಹೆಸರು ಕಂಡಾಗ ಮನುಷ್ಯ ಕಾಣುತ್ತಾನೆ. ಇದನ್ನು ಮಾಡದೆ ಸುಮ್ನೆ ಸ್ಕೋರ್ ನೋಡುತ್ತಾ ಹೋದರೆ ಬೇಗ ಬೇಸರ ಬರುತ್ತದೆ.

ಪಟ್ಟಿಯಲ್ಲಿ ಹೊರಗಿನ ಹೆಸರು ಕಂಡರೆ ಗಾಬರಿಯಾಗಬೇಡಿ. ಬೇರೆ ರಾಜ್ಯದ ಆಟಗಾರರನ್ನು ಅತಿಥಿಗಳಾಗಿ ಕರೆದುಕೊಳ್ಳಲು ಅವಕಾಶವಿದೆ. ತವರು ಸಂಸ್ಥೆ ನಿರಾಕ್ಷೇಪಣಾ ಪತ್ರ ಕೊಡಬೇಕು, ಅಷ್ಟೇ. ಮಧ್ಯಪ್ರದೇಶದ ಜಲಜ್ ಸಕ್ಸೇನಾ ವರ್ಷಗಟ್ಟಲೆ ಕೇರಳಕ್ಕೆ ಆಡಿದರು. ನಮ್ಮ ಕರುಣ್ ನಾಯರ್ ಕರ್ನಾಟಕ ತಂಡದಲ್ಲಿ ಜಾಗ ಕಳೆದುಕೊಂಡ ಮೇಲೆ ವಿದರ್ಭಕ್ಕೆ ಹೋದರು. 2024-25ರ ರಣಜಿಯಲ್ಲಿ ಅಲ್ಲಿ 863 ರನ್, ಅದೇ ಸೀಸನ್‌ನ ವಿಜಯ್ ಹಜಾರೆ ಟ್ರೋಫಿಯಲ್ಲಿ ಐದು ಶತಕ ಹೊಡೆದರು. ಎಂಟು ವರ್ಷದ ಬಳಿಕ ಭಾರತ ಟೆಸ್ಟ್ ತಂಡಕ್ಕೆ ಮರಳಿದರು. ಆಮೇಲೆ ಕರ್ನಾಟಕಕ್ಕೂ ವಾಪಸ್ ಬಂದರು. ಇಂಥ ಕಥೆ ಸ್ಕೋರ್‌ಕಾರ್ಡ್‌ನಲ್ಲಿ ಹೆಸರು ಹಿಡಿದು ನಡೆದವರಿಗಷ್ಟೇ ಪೂರ್ತಿ ಸಿಗುತ್ತದೆ.

ಮೂರನೇ ಹೆಜ್ಜೆ: ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ

ರಣಜಿ ಅಕ್ಟೋಬರ್ ಹೊತ್ತಿಗೆ ಶುರುವಾಗುತ್ತದೆ. 2024-25ರಿಂದ ಅದನ್ನು ಎರಡು ಭಾಗ ಮಾಡಿದ್ದಾರೆ. ಮೊದಲು ಐದು ಲೀಗ್ ಪಂದ್ಯ. ನಡುವೆ ಬಿಳಿ ಚೆಂಡಿನ ಎರಡು ಟೂರ್ನಿ: ಟಿ20ಯ ಸೈಯದ್ ಮುಷ್ತಾಕ್ ಅಲಿ ಟ್ರೋಫಿ, 50 ಓವರ್‌ಗಳ ವಿಜಯ್ ಹಜಾರೆ ಟ್ರೋಫಿ. ಜನವರಿ ಕೊನೆಗೆ ಮತ್ತೆ ರಣಜಿಯ ಉಳಿದ ಎರಡು ಲೀಗ್ ಪಂದ್ಯ, ಆಮೇಲೆ ನಾಕೌಟ್. ಉತ್ತರ ಭಾರತದ ಡಿಸೆಂಬರ್ ಮಂಜನ್ನು ತಪ್ಪಿಸುವುದಕ್ಕೆ ಈ ಏರ್ಪಾಡು. ಮಂಜಿನ ದಿನ ಹನ್ನೊಂದು ಗಂಟೆಯಾದರೂ ಆಟ ಶುರುವಾಗದೆ ಪಂದ್ಯಗಳು ಹಾಳಾಗುತ್ತಿದ್ದವು.

38ರಲ್ಲಿ 32 ತಂಡಗಳು ಎಲೀಟ್ ವಿಭಾಗದಲ್ಲಿ ಆಡುತ್ತವೆ. ಎಂಟೆಂಟು ತಂಡಗಳ ನಾಲ್ಕು ಗುಂಪು. ಪ್ರತಿ ಗುಂಪಿನಿಂದ ಮೊದಲ ಎರಡು ತಂಡ ಕ್ವಾರ್ಟರ್ ಫೈನಲ್‌ಗೆ. ಉಳಿದ ಆರು ತಂಡ ಪ್ಲೇಟ್ ವಿಭಾಗದಲ್ಲಿ ತಮ್ಮಲ್ಲೇ ಆಡಿ ಮೇಲೆ ಬರಲು ನೋಡುತ್ತವೆ. ಲೀಗ್ ಪಂದ್ಯ ನಾಲ್ಕು ದಿನ, ನಾಕೌಟ್ ಐದು ದಿನ.

ಅಂದರೆ ನಿಮ್ಮ ತಂಡಕ್ಕೆ ಲೀಗ್‌ನಲ್ಲಿ ಇರುವುದು ಏಳೇ ಪಂದ್ಯ. ಫೋನಿನ ಕ್ಯಾಲೆಂಡರ್‌ನಲ್ಲಿ ಏಳೂ ಪಂದ್ಯಗಳ ದಿನ, ಊರು, ಎದುರಾಳಿ ಹಾಕಿಬಿಡಿ. ಎರಡನೇ ಮತ್ತು ಮೂರನೇ ದಿನಕ್ಕೆ ಬೇರೆ ಬಣ್ಣ ಕೊಡಿ. ಯಾಕೆ ಅಂತ ಮುಂದಿನ ಹೆಜ್ಜೆಯಲ್ಲಿ ಗೊತ್ತಾಗುತ್ತದೆ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಸಮಯ ಅಷ್ಟೇನೂ ಕೆಟ್ಟದ್ದಲ್ಲ. ಬೆಳಿಗ್ಗೆ ಒಂಬತ್ತೂವರೆ ಅಂದರೆ ದುಬೈಯಲ್ಲಿ ಎಂಟು ಗಂಟೆ. ಚಳಿಗಾಲದಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಹಿಂದಿನ ರಾತ್ರಿ ಹನ್ನೊಂದು, ಕ್ಯಾಲಿಫೋರ್ನಿಯಾಗೆ ರಾತ್ರಿ ಎಂಟು. ಊಟ ಮುಗಿಸಿ ಊಟದ ವಿರಾಮದವರೆಗೆ ನೋಡಿ ಮಲಗಬಹುದು.

ನಾಲ್ಕನೇ ಹೆಜ್ಜೆ: ಪಾಯಿಂಟ್ ಲೆಕ್ಕ ಬಾಯಿಪಾಠ ಮಾಡಿ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಪೂರ್ತಿ ಗೆಲುವಿಗೆ 6 ಪಾಯಿಂಟ್. ಇನಿಂಗ್ಸ್ ಅಂತರದಲ್ಲೋ (ಅಂದರೆ ಎರಡನೇ ಸಲ ಬ್ಯಾಟ್ ಮಾಡದೆಯೇ) 10 ವಿಕೆಟ್‌ನಿಂದಲೋ ಗೆದ್ದರೆ ಬೋನಸ್ ಸೇರಿ 7. ಪಂದ್ಯ ಡ್ರಾ ಆದರೆ, ಮೊದಲ ಇನಿಂಗ್ಸ್‌ನಲ್ಲಿ, ಅಂದರೆ ಮೊದಲ ಸಲ ಬ್ಯಾಟ್ ಮಾಡಿದಾಗ, ಎದುರಾಳಿಗಿಂತ ಹೆಚ್ಚು ರನ್ ಹೊಡೆದು ಮುನ್ನಡೆ ಪಡೆದವರಿಗೆ 3, ಹಿಂದುಳಿದವರಿಗೆ 1. ಎರಡೂ ತಂಡಗಳ ಮೊದಲ ಇನಿಂಗ್ಸ್ ಮುಗಿಯದೇ ಇದ್ದರೆ ಇಬ್ಬರಿಗೂ ಒಂದೊಂದು. ಸೋತರೆ ಸೊನ್ನೆ.

ಈಗ ಯೋಚಿಸಿ. ಡ್ರಾ ಅಂದಾಕ್ಷಣ ಏನೂ ಆಗಲಿಲ್ಲ ಅಂತ ಅಲ್ಲ. 3 ಮತ್ತು 1ರ ನಡುವೆ ದೊಡ್ಡ ಕಂದಕವಿದೆ. ಏಳು ಪಂದ್ಯದ ಲೀಗ್‌ನಲ್ಲಿ ಎರಡು ಪಾಯಿಂಟ್ ಒಂದು ತಂಡವನ್ನು ಮನೆಗೆ ಕಳಿಸಬಲ್ಲದು. ಹಾಗಾಗಿ ಕೊನೆಯ ಜೋಡಿ ಮೂರನೇ ದಿನದ ಸಂಜೆ 30 ರನ್ನಿಗಾಗಿ ಒದ್ದಾಡುತ್ತಿದ್ದರೆ ಅದು ಸುಮ್ಮನೆ ಕಾಲ ಕಳೆಯುವ ಆಟ ಅಂತ ತಿಳಿಯಬೇಡಿ. ಆ ಪಂದ್ಯದ ಫೈನಲ್ ಅದೇ.

ನಾಕೌಟ್‌ನಲ್ಲಿ ಇದು ಇನ್ನೂ ಬಿಗಿ. ಐದು ದಿನ ಆಡಿ ಡ್ರಾ ಆದರೆ ಮೊದಲ ಇನಿಂಗ್ಸ್ ಮುನ್ನಡೆ ಇದ್ದವರೇ ಮುಂದಕ್ಕೆ. ಇದರ ಅತ್ಯುತ್ತಮ ಪಾಠ 2024-25ರ ಕೇರಳ ತಂಡದ್ದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಪುಣೆಯಲ್ಲಿ ಕ್ವಾರ್ಟರ್ ಫೈನಲ್. ಜಮ್ಮು ಮತ್ತು ಕಾಶ್ಮೀರ ಮೊದಲು 280 ಹೊಡೆಯಿತು. ಕೇರಳ 200ಕ್ಕೆ 9 ವಿಕೆಟ್ ಕಳೆದುಕೊಂಡಿತು. ಕ್ರೀಸ್‌ನಲ್ಲಿ ಸಲ್ಮಾನ್ ನಿಜಾರ್, ಜೊತೆಗೆ ಹನ್ನೊಂದನೆಯವನಾಗಿ ಬೇಸಿಲ್ ಥಂಪಿ. ಇಬ್ಬರೂ ಸೇರಿ 81 ರನ್ ಸೇರಿಸಿದರು. ಕೇರಳ 281. ಮುನ್ನಡೆ ಒಂದೇ ರನ್. ನಿಜಾರ್ ಔಟಾಗದೆ 112. ಎರಡನೇ ಇನಿಂಗ್ಸ್‌ನಲ್ಲಿ 399ರ ಗುರಿ ಸಿಕ್ಕಾಗ ಕೇರಳ ಕೊನೆಯ ದಿನ ವಿಕೆಟ್ ಕಾಯ್ದುಕೊಂಡು ಡ್ರಾ ಮಾಡಿಕೊಂಡಿತು. ಒಂದು ರನ್ನಿನ ಬಲದಿಂದ ಸೆಮಿಫೈನಲ್ ಸೇರಿತು.

ಅಹಮದಾಬಾದ್‌ನಲ್ಲಿ ಸೆಮಿಫೈನಲ್. ಕೇರಳ 457. ಮೊಹಮ್ಮದ್ ಅಜರುದ್ದೀನ್ ಔಟಾಗದೆ 177. ಗುಜರಾತ್ ಒಂದೊಂದೇ ರನ್ ಕೂಡಿಸುತ್ತಾ ಐದನೇ ದಿನ ಬೆಳಿಗ್ಗೆ 455 ಮುಟ್ಟಿತು, ಒಂಬತ್ತು ವಿಕೆಟ್ ಹೋಗಿತ್ತು. ಮುನ್ನಡೆಗೆ ಬೇಕಿದ್ದದ್ದು ಮೂರು ರನ್. ಆದಿತ್ಯ ಸರ್ವಟೆ ಚೆಂಡನ್ನು ಅರ್ಜಾನ್ ನಾಗ್ವಾಸ್ವಾಲಾ ಜೋರಾಗಿ ಬೀಸಿದರು. ಚೆಂಡು ಶಾರ್ಟ್ ಲೆಗ್‌ನಲ್ಲಿ ನಿಂತಿದ್ದ ಅದೇ ಸಲ್ಮಾನ್ ನಿಜಾರ್ ಹೆಲ್ಮೆಟ್‌ಗೆ ಬಡಿದು ಮೇಲಕ್ಕೆ ಹಾರಿತು. ಸ್ಲಿಪ್‌ನಲ್ಲಿದ್ದ ನಾಯಕ ಸಚಿನ್ ಬೇಬಿ ಕ್ಯಾಚ್ ಹಿಡಿದರು. ಮುನ್ನಡೆ ಎರಡು ರನ್. ಕೇರಳ ಮೊದಲ ಸಲ ರಣಜಿ ಫೈನಲ್‌ಗೆ.

ನಾಗ್ಪುರದ ಫೈನಲ್‌ನಲ್ಲಿ ವಿದರ್ಭ 379, ಕೇರಳ 342. ಸಚಿನ್ ಬೇಬಿ 98ರಲ್ಲಿ ಔಟಾದರು. ಆ 37 ರನ್ನಿನ ಹಿನ್ನಡೆಯೇ ಟ್ರೋಫಿಯನ್ನು ವಿದರ್ಭಕ್ಕೆ ಕೊಟ್ಟಿತು. ಮೂರೂ ಪಂದ್ಯ ಡ್ರಾ. ಮೂರರಲ್ಲೂ ಜೀವ ಬಾಯಿಗೆ ಬರುವಂಥ ಆಟ. ರಣಜಿಯ ಡ್ರಾ ಸಪ್ಪೆ ಅನ್ನುವವರಿಗೆ ಈ ಮೂರು ಸ್ಕೋರ್‌ಕಾರ್ಡ್ ತೋರಿಸಿ.

ನಮ್ಮವರಿಗೂ ಈ ಲೆಕ್ಕದ ಋಣವಿದೆ. ಬಾಂಬೆ ತಂಡ 1958-59ರಿಂದ ಸತತ 15 ವರ್ಷ ಟ್ರೋಫಿ ಗೆದ್ದಿತ್ತು. ಆ ಸಾಲು ಮುರಿದದ್ದು 1974ರಲ್ಲಿ ಬೆಂಗಳೂರಿನ ಸೆಮಿಫೈನಲ್‌ನಲ್ಲಿ, ಪ್ರಸನ್ನ ನಾಯಕತ್ವದ ಕರ್ನಾಟಕ. ಜಿ.ಆರ್. ವಿಶ್ವನಾಥ್ 162 ಹೊಡೆದರು. ಪ್ರಸನ್ನ ಗವಾಸ್ಕರ್ ಅವರನ್ನು ಬೌಲ್ಡ್ ಮಾಡಿದರು. ಚೆನ್ನಾಗಿ ಆಡುತ್ತಿದ್ದ ಅಜಿತ್ ವಾಡೇಕರ್ ಜಾರಿ ರನೌಟ್ ಆದರು. ಕರ್ನಾಟಕ ಫೈನಲ್‌ಗೆ ಹೋದದ್ದು ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆಯೇ. ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಟ್ರೋಫಿ ತಂದಿತು.

ಮಳೆಯ ಲೆಕ್ಕವನ್ನೂ ಮರೆಯಬೇಡಿ. 2024-25ರಲ್ಲಿ ಕರ್ನಾಟಕದ ಮೊದಲೆರಡು ಪಂದ್ಯ, ಇಂದೋರಿನದೂ ಆಲೂರಿನದೂ, ಮಳೆಗೆ ಹೋದವು. ಮೊದಲ ಇನಿಂಗ್ಸ್‌ಗಳೇ ಮುಗಿಯಲಿಲ್ಲ. ಒಂದೊಂದೇ ಪಾಯಿಂಟ್. ಜನವರಿಯಲ್ಲಿ ಪಂಜಾಬನ್ನು 55ಕ್ಕೆ ಆಲೌಟ್ ಮಾಡಿ, ಆರ್. ಸ್ಮರಣ್ ದ್ವಿಶತಕದಿಂದ ಇನಿಂಗ್ಸ್ ಮತ್ತು 207 ರನ್ನಿನಿಂದ ಗೆದ್ದು 7 ಪಾಯಿಂಟ್ ಬಾಚಿಕೊಂಡರೂ ಕಾಲ ಮಿಂಚಿತ್ತು. ಕೊನೆಯ ಪಂದ್ಯದಲ್ಲಿ ಹರಿಯಾಣ ಮುನ್ನಡೆ ಪಡೆಯಿತು. ಕ್ವಾರ್ಟರ್ ಫೈನಲ್‌ಗೆ ಹೋದದ್ದು ಹರಿಯಾಣ ಮತ್ತು ಕೇರಳ. ಅಕ್ಟೋಬರ್‌ನ ಮಳೆ ಫೆಬ್ರವರಿಯಲ್ಲಿ ಸೋಲಿಸಿತು ಅಂದರೂ ತಪ್ಪಲ್ಲ.

ಪಾಯಿಂಟ್ ಸಮವಾದರೆ ಕೋಷಂಟ್ ಅನ್ನುವ ಲೆಕ್ಕವೂ ಬರಬಹುದು. ತಂಡ ಪ್ರತಿ ವಿಕೆಟ್‌ಗೆ ಹೊಡೆದ ಸರಾಸರಿ ರನ್ನನ್ನು ಪ್ರತಿ ವಿಕೆಟ್‌ಗೆ ಬಿಟ್ಟುಕೊಟ್ಟ ಸರಾಸರಿ ರನ್ನಿನಿಂದ ಭಾಗಿಸುವುದು. ಕೊನೆಯ ಸುತ್ತಿನವರೆಗೆ ಅದರ ಗೊಡವೆ ಬೇಡ.

ಐದನೇ ಹೆಜ್ಜೆ: ದಿನಕ್ಕೆ ಮೂರು ಸಲ ಸ್ಕೋರ್ ನೋಡಿ

ಆಫೀಸಿನಲ್ಲಿ ಕೂತು ಚೆಂಡು ಚೆಂಡಿಗೂ ಸ್ಕೋರ್ ನೋಡಬೇಕಾಗಿಲ್ಲ. ಊಟದ ವಿರಾಮ, ಚಹಾ ವಿರಾಮ, ದಿನದಾಟದ ಕೊನೆ. ಈ ಮೂರು ಸಲ ಸಾಕು. ಬಿಸಿಸಿಐ ತಾಣದಲ್ಲಿ ಎಲ್ಲ ಪಂದ್ಯದ ಸ್ಕೋರ್ ಸಿಗುತ್ತದೆ. ಪ್ರತಿ ಸುತ್ತಿನಲ್ಲಿ ಆಯ್ದ ಕೆಲವು ಪಂದ್ಯಗಳ ನೇರ ಪ್ರಸಾರವೂ ಇರುತ್ತದೆ. ಯಾವುದು ಅಂತ ಸುತ್ತಿನ ಹಿಂದಿನ ದಿನ ನೋಡಿಕೊಳ್ಳಿ.

ಏನು ನೋಡಬೇಕು? ದಿನದಿಂದ ದಿನಕ್ಕೆ ಬೇರೆ.

ಮೊದಲ ದಿನ ಟಾಸ್ ಗೆದ್ದವರು ಏನು ಆರಿಸಿಕೊಂಡರು ಅಂತ ನೋಡಿ. ನವೆಂಬರ್‌ನಲ್ಲಿ ಉತ್ತರದ ಊರುಗಳಲ್ಲಿ ಬೆಳಗಿನ ತೇವ ಇರುತ್ತದೆ. ಮೊದಲು ಬೌಲಿಂಗ್ ತೆಗೆದುಕೊಂಡರೆ ಊಟದೊಳಗೆ ಮೂರು ವಿಕೆಟ್ ಬೇಕೇ ಬೇಕು. ಬರದಿದ್ದರೆ ಆ ನಿರ್ಧಾರ ತಿರುಗಿ ಹೊಡೆಯಿತು ಅಂತಲೇ ಅರ್ಥ. ದಿನಕ್ಕೆ 90 ಓವರ್. 80ನೇ ಓವರ್ ಆದಮೇಲೆ ಹೊಸ ಚೆಂಡು ಸಿಗುತ್ತದೆ. ಹಾಗಾಗಿ ದಿನದ ಕೊನೆಯ ಹತ್ತು ಓವರ್ ಬಹಳ ಅಪಾಯದ್ದು. 250ಕ್ಕೆ 3 ಇದ್ದ ತಂಡ ಹತ್ತು ಓವರ್‌ನಲ್ಲಿ 270ಕ್ಕೆ 6 ಆಗಿ ಮಲಗುತ್ತದೆ. ಸಂಜೆ ಸ್ಕೋರ್ ನೋಡುವಾಗ ಕೊನೆಯ ವಿಕೆಟ್ ಯಾವ ಓವರ್‌ನಲ್ಲಿ ಬಿತ್ತು ಅನ್ನುವುದನ್ನು ನೋಡಿ, ದಿನದ ಕಥೆ ತಿಳಿಯುತ್ತದೆ.

ಎರಡನೇ ದಿನ ಬಾಲಂಗೋಚಿಗಳ ದಿನ. ಎಂಟನೇ ಕ್ರಮಾಂಕದಿಂದ ಕೆಳಗಿನವರು ಎಷ್ಟು ಸೇರಿಸಿದರು? ಈ ಮಟ್ಟದಲ್ಲಿ ಪಂದ್ಯಗಳನ್ನು ತಿರುಗಿಸುವುದು ಆ 60 ರನ್. 2014-15ರ ಮುಂಬೈ ಫೈನಲ್‌ನಲ್ಲಿ ತಮಿಳುನಾಡಿನ ಎದುರು ಕರುಣ್ ನಾಯರ್ 328 ಹೊಡೆದದ್ದು ಎಲ್ಲರಿಗೂ ನೆನಪಿದೆ, ಕೆ.ಎಲ್. ರಾಹುಲ್ 188 ಕೂಡ. ಅದೇ ಪಂದ್ಯದಲ್ಲಿ ನಾಯಕ ವಿನಯ್ ಕುಮಾರ್ ಐದು ವಿಕೆಟ್ ಕಿತ್ತ ಮೇಲೆ ಕೆಳಗೆ ಬಂದು ಶತಕವನ್ನೂ ಹೊಡೆದಿದ್ದರು. ಅದನ್ನು ಹೆಚ್ಚು ಜನ ಹೇಳುವುದಿಲ್ಲ.

ಮೂರನೇ ದಿನ ಬಿಡಲೇಬೇಡಿ. ಮುನ್ನಡೆ ಯಾರಿಗೆ ಅನ್ನುವುದು ಬಹುಪಾಲು ಇವತ್ತೇ ತೀರ್ಮಾನವಾಗುತ್ತದೆ. ರಜೆ ಒಂದೇ ದಿನ ಸಿಕ್ಕರೆ ಮೂರನೇ ದಿನಕ್ಕೆ ಹಾಕಿಕೊಳ್ಳಿ. ನಾಲ್ಕು ದಿನದ ಪಂದ್ಯದಲ್ಲಿ ಫಾಲೋಆನ್ ಹೇರಲು (ಎದುರಾಳಿಯನ್ನು ಕೂಡಲೇ ಮತ್ತೆ ಬ್ಯಾಟಿಂಗ್‌ಗೆ ಇಳಿಸಲು) 150 ರನ್ ಮುನ್ನಡೆ ಸಾಕು, ಐದು ದಿನದ ಪಂದ್ಯದಲ್ಲಿ 200 ಬೇಕು. ಆ ಗೆರೆಯನ್ನೂ ಗಮನಿಸುತ್ತಿರಿ.

ನಾಲ್ಕನೇ ದಿನ ಒಂದೇ ಪ್ರಶ್ನೆ: ಮುನ್ನಡೆ ಕೈಯಲ್ಲಿರುವ ನಾಯಕ 6 ಪಾಯಿಂಟ್‌ಗೆ ಕೈ ಚಾಚುತ್ತಾನಾ, 3ಕ್ಕೆ ತೃಪ್ತಿಪಡುತ್ತಾನಾ? ಎಷ್ಟು ಓವರ್ ಉಳಿಸಿಕೊಂಡು ಡಿಕ್ಲೇರ್ ಮಾಡಿದ, ಅಂದರೆ ತನ್ನ ಬ್ಯಾಟಿಂಗ್ ಇಷ್ಟು ಸಾಕು ಅಂತ ನಿಲ್ಲಿಸಿದ ಅನ್ನುವುದರಲ್ಲೇ ಉತ್ತರ ಇರುತ್ತದೆ. ನನ್ನ ಮಟ್ಟಿಗೆ ಇಡೀ ಟೂರ್ನಿಯಲ್ಲಿ ನಾಯಕನ ಗುಣ ತಿಳಿಯುವ ಜಾಗ ಇದು. ಗೆಲುವಿಗೆ ಹೋಗಿ 3 ಪಾಯಿಂಟನ್ನೂ ಕಳೆದುಕೊಳ್ಳುವ ಅಪಾಯ ನಿಜವಾದದ್ದೇ. ಆದರೂ ಗೆಲುವಿಗೆ ಹೋಗುವ ನಾಯಕನ ತಂಡ ನನಗೆ ಇಷ್ಟ.

ಆರನೇ ಹೆಜ್ಜೆ: ಮೈದಾನಕ್ಕೆ ಹೋಗಿ

ಒಂದು ಸೀಸನ್‌ಗೆ ಒಂದು ದಿನವಾದರೂ ಹೋಗಿ. ರಣಜಿ ಲೀಗ್ ಪಂದ್ಯಗಳಿಗೆ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ. ಯಾವ ಗೇಟಿನಿಂದ ಬಿಡುತ್ತಾರೆ ಅಂತ ಮಾತ್ರ ಕೇಳಿಕೊಂಡು ಹೋಗಿ, ಎಲ್ಲ ಗೇಟೂ ತೆರೆದಿರುವುದಿಲ್ಲ. ಪಂದ್ಯದ ಜಾಗ ಬದಲಾಗುವುದೂ ಉಂಟು, ಹಿಂದಿನ ದಿನ ಇನ್ನೊಮ್ಮೆ ನೋಡಿ.

ಕರ್ನಾಟಕದಲ್ಲಿ ಪಂದ್ಯ ಬೆಂಗಳೂರಿಗೇ ಸೀಮಿತವಲ್ಲ. ಚಿನ್ನಸ್ವಾಮಿ ಇದೆ, ತುಮಕೂರು ರಸ್ತೆಯ ಕಡೆ ಆಲೂರಿನ ಮೈದಾನಗಳಿವೆ. ಹುಬ್ಬಳ್ಳಿಯ ರಾಜನಗರ, ಮೈಸೂರಿನ ಗಂಗೋತ್ರಿ ಗ್ಲೇಡ್ಸ್, ಶಿವಮೊಗ್ಗದ ನವುಲೆ, ಬೆಳಗಾವಿಯ ಆಟೋನಗರ, ಎಲ್ಲ ಕಡೆ ರಾಜ್ಯ ಕ್ರಿಕೆಟ್ ಸಂಸ್ಥೆಯ (ಕೆಎಸ್‌ಸಿಎ) ಮೈದಾನಗಳಿವೆ. ಆಲೂರಿಗೆ ಹೋಗುವುದಾದರೆ ಊಟ, ನೀರು, ಟೋಪಿ ಜೊತೆಗಿರಲಿ. ಅಕ್ಕಪಕ್ಕ ಹೋಟೆಲ್ ಹುಡುಕುತ್ತಾ ಹೋದರೆ ಒಂದು ಸೆಷನ್ ಕೈತಪ್ಪುತ್ತದೆ.

ಬೆಳಗಿನ ಸೆಷನ್‌ಗೆ ಸೈಟ್‌ಸ್ಕ್ರೀನ್ ಪಕ್ಕದಲ್ಲಿ, ಬೌಲರ್‌ನ ಬೆನ್ನ ಹಿಂದೆ ಕುಳಿತುಕೊಳ್ಳಿ. ಚೆಂಡು ಎಷ್ಟು ತಿರುಗುತ್ತಿದೆ, ಎಷ್ಟು ಹೊರಗೆ ಹೋಗುತ್ತಿದೆ ಅಂತ ಟಿವಿಗಿಂತ ಚೆನ್ನಾಗಿ ಕಾಣುತ್ತದೆ. ಊಟದ ಮೇಲೆ ಪಿಚ್‌ನ ಪಕ್ಕಕ್ಕೆ ಬನ್ನಿ. ಜನ ಕಡಿಮೆ ಇರುವುದರಿಂದ ಆಟಗಾರರ ಮಾತು ಕೇಳಿಸುತ್ತದೆ. ಕೀಪರ್ ಬೌಲರ್‌ಗೆ ಕನ್ನಡದಲ್ಲೇ ಹುರಿದುಂಬಿಸುವುದು, ಎದುರಾಳಿಗೆ ತಿಳಿಯದಂತೆ ಫೀಲ್ಡರನ್ನು ಸರಿಸುವುದು, ಇದೆಲ್ಲ ಮೈದಾನದಲ್ಲಿ ಕೂತವರ ಪಾಲಿಗೆ ಮಾತ್ರ.

ಜನ ಬರುವುದಿಲ್ಲ ಅನ್ನುವ ಮಾತೂ ಪೂರ್ತಿ ನಿಜವಲ್ಲ. 2025ರ ಜನವರಿ ಕೊನೆಗೆ ವಿರಾಟ್ ಕೊಹ್ಲಿ ರೈಲ್ವೇಸ್ ವಿರುದ್ಧ ದೆಹಲಿ ಪರ ಆಡಲು ಬಂದಾಗ ಮೈದಾನದ ಹೊರಗೆ ಬೆಳಗಿನಿಂದಲೇ ಸಾಲು ನಿಂತಿತ್ತು. ರೈಲ್ವೇಸ್ ಬೌಲರ್ ಹಿಮಾಂಶು ಸಾಂಗ್ವಾನ್ ಕೊಹ್ಲಿಯನ್ನು 6 ರನ್ನಿಗೆ ಬೌಲ್ಡ್ ಮಾಡಿದರು. 2010ರ ಜನವರಿಯ ಮೈಸೂರು ಫೈನಲ್‌ಗಂತೂ ಊರಿಗೆ ಊರೇ ಬಂದಿತ್ತು. ಗಂಗೋತ್ರಿ ಗ್ಲೇಡ್ಸ್‌ನ ಸುತ್ತಲಿನ ಮರಗಳ ಮೇಲೂ ಜನ. ಮುಂಬೈ ಕೊಟ್ಟ ಗುರಿ 338. ಮನೀಶ್ ಪಾಂಡೆ 144 ಹೊಡೆದು ಗೆಲುವಿನ ಹತ್ತಿರ ತಂದರು. ಕರ್ನಾಟಕ 331ಕ್ಕೆ ಆಲೌಟ್. ಆರು ರನ್ನಿನ ಸೋಲು. ಆ ಪಂದ್ಯ ನೋಡಿದ ಮೈಸೂರಿನವರನ್ನು ಈಗ ಕೇಳಿದರೂ ಓವರ್ ಓವರ್ ಹೇಳುತ್ತಾರೆ.

ಬೇರೆ ತಂಡಗಳು ನಮ್ಮೂರಿನಲ್ಲಿ ಆಡುವ ತಟಸ್ಥ ಫೈನಲ್‌ಗಳನ್ನೂ ತಪ್ಪಿಸಬೇಡಿ. 2022ರ ಜೂನ್‌ನಲ್ಲಿ ಚಿನ್ನಸ್ವಾಮಿಯಲ್ಲಿ ಮಧ್ಯಪ್ರದೇಶ ಮುಂಬೈಯನ್ನು ಸೋಲಿಸಿ ಮೊದಲ ಸಲ ಟ್ರೋಫಿ ಎತ್ತಿತು. ಕೋಚ್ ಚಂದ್ರಕಾಂತ್ ಪಂಡಿತ್ ಕಣ್ಣೀರು ಹಾಕಿದರು. 1999ರಲ್ಲಿ ಇದೇ ಮೈದಾನದಲ್ಲಿ, ಕರ್ನಾಟಕದ ಎದುರು ಫೈನಲ್ ಸೋತ ಮಧ್ಯಪ್ರದೇಶದ ನಾಯಕ ಅವರೇ ಆಗಿದ್ದರು.

ಏಳನೇ ಹೆಜ್ಜೆ: ಪಕ್ಕದ ಟೂರ್ನಿಗಳು

ರಣಜಿ ಒಂದು ಸೀಸನ್ ನೋಡಿದ ಮೇಲೆ ಉಳಿದವು ಸುಲಭ. ದುಲೀಪ್ ಟ್ರೋಫಿ ವಲಯಗಳ ನಡುವಿನ ಆಟ, ಕರ್ನಾಟಕದವರು ದಕ್ಷಿಣ ವಲಯಕ್ಕೆ ಆಡುತ್ತಾರೆ. 2024ರಲ್ಲಿ ವಲಯಗಳನ್ನು ಬಿಟ್ಟು ಎ, ಬಿ, ಸಿ, ಡಿ ಅಂತ ತಂಡ ಮಾಡಿದ್ದರು, ಮರುವರ್ಷ ವಲಯಕ್ಕೇ ಮರಳಿದರು. ಒಳ್ಳೆಯದೇ ಆಯಿತು. ಎ ತಂಡಕ್ಕೆ ಯಾವ ಊರಿನವರು ಕೂಗಬೇಕು? ಇರಾನಿ ಕಪ್ ಒಂದೇ ಪಂದ್ಯದ್ದು, ರಣಜಿ ಚಾಂಪಿಯನ್ನರ ಎದುರು ಶೇಷ ಭಾರತ. ಹಜಾರೆ ಟ್ರೋಫಿಯಲ್ಲಿ ಕರ್ನಾಟಕದ ದಾಖಲೆ ಚೆನ್ನಾಗಿದೆ, 2024-25ರದು ಐದನೇ ಟ್ರೋಫಿ. ಅಲ್ಲಿಯೂ ಫೈನಲ್‌ನಲ್ಲಿ ವಿದರ್ಭದ ಎದುರು ಸ್ಮರಣ್ ಶತಕ ಹೊಡೆದಿದ್ದರು.

ಮಹಿಳೆಯರ ದೇಶಿ ಟೂರ್ನಿಗಳಿಗೂ ಒಂದು ಕಣ್ಣಿಡಿ. ಅಲ್ಲಿ ರೈಲ್ವೇಸ್ ಬಹಳ ಕಾಲದಿಂದ ದೊಡ್ಡ ತಂಡ. ನೌಕರಿ ಸಿಗುತ್ತದೆ ಅಂತ ಒಳ್ಳೆಯ ಆಟಗಾರ್ತಿಯರು ಅಲ್ಲಿ ಸೇರುತ್ತಿದ್ದರು, ಮಿಥಾಲಿ ರಾಜ್ ಕೂಡ ಅಲ್ಲಿಯೇ ಆಡಿದ್ದು. ಕರ್ನಾಟಕದಿಂದ ವೇದಾ ಕೃಷ್ಣಮೂರ್ತಿ, ವಿಜಯಪುರದ ರಾಜೇಶ್ವರಿ ಗಾಯಕ್ವಾಡ್, ಶ್ರೇಯಾಂಕಾ ಪಾಟೀಲ್ ಭಾರತದವರೆಗೆ ಹೋಗಿದ್ದಾರೆ. ಸ್ಕೋರ್ ಸಿಗುವ ಜಾಗ ಒಂದೇ, ಹೆಚ್ಚಿನ ಶ್ರಮವಿಲ್ಲ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಕಿರಿಯರ ಟೂರ್ನಿಗಳು. 16 ವರ್ಷದೊಳಗಿನವರಿಗೆ ವಿಜಯ್ ಮರ್ಚೆಂಟ್ ಟ್ರೋಫಿ, 19ರೊಳಗೆ ಕೂಚ್ ಬೆಹಾರ್, 23ರೊಳಗೆ ಸಿ.ಕೆ. ನಾಯ್ಡು. ಮುಂದಿನ ಎರಡು ವರ್ಷದ ರಣಜಿ ಪಟ್ಟಿ ಇಲ್ಲಿ ತಯಾರಾಗುತ್ತದೆ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಕೂಚ್ ಬೆಹಾರ್ ಫೈನಲ್ ನಡೆಯಿತು, ಕರ್ನಾಟಕ ಮತ್ತು ಮುಂಬೈ. ಪ್ರಖರ್ ಚತುರ್ವೇದಿ ಔಟಾಗದೆ 404 ಹೊಡೆದ. ಕರ್ನಾಟಕ 8 ವಿಕೆಟ್‌ಗೆ 890. ಮುಂಬೈ ಮೊದಲು ಆಡಿ ಮುಗಿಸಿದ್ದರಿಂದ ಅಷ್ಟೊಂದು ರನ್ ಬೇಕಾಗಿರಲಿಲ್ಲ, ಮುನ್ನಡೆಯೇ ಟ್ರೋಫಿ ಕೊಟ್ಟಿತು. ಆ ಹುಡುಗನ ಹೆಸರನ್ನು ಅವತ್ತು ಬರೆದಿಟ್ಟುಕೊಂಡವರು ಮುಂದೆ ಅವನ ಒಂದೊಂದು ಇನಿಂಗ್ಸನ್ನೂ ಬೇರೆ ಕಣ್ಣಿನಿಂದ ನೋಡುತ್ತಾರೆ.

ಹಾಗಾಗಿ ಎರಡನೇ ಹೆಜ್ಜೆಯಲ್ಲಿ ಬರೆದ ಹದಿನೈದು ಹೆಸರಿನ ಕೆಳಗೆ ಐದಾರು ಸಾಲು ಖಾಲಿ ಬಿಡಿ. 23ರೊಳಗಿನ ತಂಡದಲ್ಲಿ ಎರಡು ಶತಕ ಹೊಡೆದವನು, ಒಂದೇ ಪಂದ್ಯದಲ್ಲಿ ಹತ್ತು ವಿಕೆಟ್ ಕಿತ್ತವನು, ಇಂಥವರನ್ನು ಅಲ್ಲಿ ತುಂಬಿಕೊಳ್ಳಿ. ಪಕ್ಕದಲ್ಲಿ ಊರು ಬರೆಯಿರಿ. ಮೈಸೂರು, ಧಾರವಾಡ, ಶಿವಮೊಗ್ಗ, ತುಮಕೂರು, ರಾಯಚೂರು, ಮಂಗಳೂರು ವಲಯಗಳಿಂದ ಬಂದವರು ಎಷ್ಟು ಮಂದಿ ಅಂತ ನೋಡಿ. ಜನವರಿಯಲ್ಲಿ ರಣಜಿಯ ಎರಡನೇ ಭಾಗಕ್ಕೆ ತಂಡ ಪ್ರಕಟವಾದ ದಿನ ಆ ಪಟ್ಟಿಯನ್ನು ತೆಗೆದು ಹೋಲಿಸಿ ನೋಡಿ.